ಲೊಚಗುಟ್ಟಬೇಡಿ ಎಂದ ನಾಟಕದ ಮೇಷ್ಟ್ರು

ಓದುಗರೇ, ಮೊದಲೇ ನಿಮ್ಮನ್ನು ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಎರಡೂ ಕಣ್ಣು ಕಾಣದ ಒಬ್ಬರು ಸಿನಿಮಾ ನಿರ್ದೇಶಿಸಿದರು ಎಂದರೆ ನೀವು ‘ಹೇಗೆ?’ ಎಂದು ಕೇಳುತ್ತೀರೋ, ‘ಅಯ್ಯೋ ಪಾಪ’ ಎನ್ನುತ್ತೀರೋ? ನಿಮ್ಮ ಉತ್ತರ ಎರಡನೆಯದಾದರೆ, ನಮ್ಮ ನಾಟಕದ ಮೇಷ್ಟ್ರ ಕೈಗೆ ನೀವು ಸಿಗದೆ ಉಳಿದದ್ದು ನಿಮ್ಮ ಪುಣ್ಯವೆಂದೇ ಹೇಳಬೇಕು.

ಅವರ ಎಡಗೈ ಯಾವಾಗಲೂ ಮೊಣಕಾಲಿನ ಮೇಲೆ ಅಂಗಾತವಾಗಿ ತೆರೆದಿರುತ್ತಿತ್ತು. ಹಾರ್ಮೋನಿಯಂ ಮನೆಗಳನ್ನು ಒತ್ತಿ ಒತ್ತಿ ಬೆರಳ ತುದಿಗಳು ಚಪ್ಪಟೆಯಾಗಿದ್ದವು. ಹೆಬ್ಬೆರಳಿನ ಉಗುರಿಗೆ ನಸ್ಯದ ಕಂದು ಬಣ್ಣ ಕೂತುಬಿಟ್ಟಿತ್ತು. ಎದುರು ಬಂದವರು ತಮ್ಮ ಕೈಯನ್ನು ಆ ಅಂಗೈಯಲ್ಲಿಡಬೇಕು, ಬಂದವರು ಯಾರೆಂದು ಮೇಷ್ಟ್ರು ಹೇಳಬೇಕು. ಅದು ಅವರು ಮಾಡಿಕೊಂಡಿದ್ದ ಪದ್ಧತಿ. ಒಮ್ಮೆ ತಿಪಟೂರಿನ ಬಸ್ ನಿಲ್ದಾಣದಲ್ಲಿ ಯಾರೋ ಪ್ರಯಾಣಿಕರು ಆ ತೆರೆದ ಕೈ ನೋಡಿ, ನಾಲಿಗೆಯಲ್ಲಿ ಲೊಚಗುಟ್ಟುತ್ತಾ ಒಂದು ನಾಣ್ಯ ಹಾಕಿದರು. ಮೇಷ್ಟ್ರು ಎದ್ದು ನಿಂತು, ರಂಗದ ಕೊನೆಯ ಸಾಲಿಗೂ ಮುಟ್ಟುವ ತಮ್ಮ ಕಂಠದಲ್ಲಿ ಕೂಗಿದರು: “ನಮ್ಮ ಆಟ ಮೆಚ್ಚಿ ಬಹುಮಾನ ಕೊಟ್ಟಿರೋ ಮಹಾನುಭಾವರು ಯಾರಪ್ಪಾ? ಹೆಸರು ಹೇಳ್ರಿ, ಮೈಕಿನಲ್ಲಿ ಕೂಗಿಸ್ತೀನಿ!” ಆ ಮಹಾನುಭಾವರು ತಮ್ಮ ಊರಿನದಲ್ಲದ ಬಸ್ಸನ್ನು ಹತ್ತಿಕೊಂಡು ಹೋದರೆಂದು ನಿಲ್ದಾಣದವರು ಬಹಳ ದಿನ ಹೇಳಿಕೊಂಡು ನಗುತ್ತಿದ್ದರು.

ಎಳೆತನದಲ್ಲಿ ಸಿಡುಬು ಅವರ ದೃಷ್ಟಿಯನ್ನು ಕಿತ್ತುಕೊಂಡಿತ್ತು. ಆದರೂ ಹೊನ್ನವಳ್ಳಿ, ಹಂದನಕೆರೆ, ತುರುವೇಕೆರೆಯ ಸುತ್ತಮುತ್ತ ಪೌರಾಣಿಕ ನಾಟಕ ಕಲಿಯಬೇಕೆಂಬ ಊರಿನವರೆಲ್ಲ ಅವರನ್ನೇ ಕರೆಸುತ್ತಿದ್ದರು. ಒಂದು ಊರಿನಲ್ಲಿ ಬಿಡಾರ ಹೂಡಿದರೆ ನಾಟಕ ರಂಗಕ್ಕೇರುವವರೆಗೂ ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಬೈಗುಳ. ಕಾಲು ಹಾರ್ಮೋನಿಯಂ ತುಳಿಯುತ್ತಲೇ ಹಲಗೆಯ ಮೇಲಿನ ಹೆಜ್ಜೆಯ ಸದ್ದು ಹಿಡಿದು, “ಲೇ ಸೇನಾಧಿಪತಿ, ಹಿಂದಕ್ಕೆ ಸರಿಯಲಾ, ರಾಜನ ಕಿರೀಟಕ್ಕೆ ನಿನ್ನ ಮೊಣಕೈ ತಾಗ್ತದೆ!” ಎಂದು ಗದರುತ್ತಿದ್ದರು. ವಿನಯವೆಂಬುದು ಅವರ ಹತ್ತಿರ ಸುಳಿದದ್ದನ್ನು ನಾನು ಕಾಣೆ. ತಮ್ಮಂಥ ಮೇಷ್ಟ್ರು ಮೂರು ತಾಲೂಕಿನಲ್ಲಿಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಅಲ್ಲವೆಂದು ವಾದಿಸಿದವರನ್ನು ನಾನು ನೋಡಲಿಲ್ಲ.

ನಾಟಕ ಗೆದ್ದಿತೋ ಸೋತಿತೋ ಎಂಬುದಕ್ಕೆ ಅವರಲ್ಲಿ ಒಂದೇ ಒರೆಗಲ್ಲು ಇತ್ತು. “ಜನ ಅಳಲಿ, ನಗಲಿ, ಬಯ್ಯಲಿ, ಏನಾದ್ರೂ ಮಾಡ್ಲಿ. ಲೊಚ್ ಅನ್ನಬಾರ್ದು. ಲೊಚ್ ಅಂದ್ರೆ ಅದು ಎದ್ದು ಮನೆಗೆ ಹೋಗೋ ಸದ್ದು ಕಣಪ್ಪ. ಇಲ್ಲಿಗೆ ನನ್ನ ಕೆಲ್ಸ ಮುಗೀತು ಅಂತ ಅರ್ಥ.”

ನಾನು ಆಗಷ್ಟೇ ತಿಪಟೂರಿನ ಕಾಲೇಜಿನಿಂದ ಪದವಿ ಪಡೆದು ಹೊರಬಂದಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳು ಮನೆಯ ಗೋಡೆಯ ಮೇಲಿದ್ದವು. ಸಮಾಜವನ್ನು ತಿದ್ದುವ ಹುರುಪು ಮೈತುಂಬ ಇತ್ತು. ಜಗತ್ತೆಲ್ಲ ಅಂಗವಿಕಲರ ವರ್ಷವನ್ನು ಆಚರಿಸುತ್ತಿದ್ದ ಕಾಲ ಅದು. ನಮ್ಮ ಯುವಕ ಸಂಘದಿಂದಲೂ ಒಂದು ಸಭೆ ಏರ್ಪಡಿಸಿ, ಪ್ರಾರ್ಥನೆ ಹಾಡಲು ಕೇಳಿಕೊಳ್ಳೋಣವೆಂದು ನಾನು ಮೇಷ್ಟ್ರಲ್ಲಿಗೆ ಹೋದೆ. ಅವರು ಆಗ ಹೊನ್ನವಳ್ಳಿಯಲ್ಲಿ, ತೆಂಗಿನ ತೋಟದ ರೈತರೊಬ್ಬರ ಅಂಗಳದಲ್ಲಿ ನಾಟಕದ ತಾಲೀಮು ನಡೆಸುತ್ತಿದ್ದರು.

“ಪ್ರಾರ್ಥನೆ ಆದ್ಮೇಲೆ ನನ್ನನ್ನ ಎಲ್ಲಿ ಕೂರಿಸ್ತೀಯ?”

“ಮುಂದಿನ ಸಾಲಿನಲ್ಲಿ, ಮೇಷ್ಟ್ರೇ.”

“ಆಮೇಲೆ?”

“ಶಾಲು ಹೊದಿಸಿ ಗೌರವಿಸುತ್ತೇವೆ. ಆನಂತರ ನನ್ನ ಭಾಷಣ.”

“ಈ ಬಿಸಿಲಲ್ಲಿ ಶಾಲು ಹೊದ್ಕೊಂಡು ನಿನ್ನ ಭಾಷಣ ಕೇಳೋದಾ? ಅದಕ್ಕಿಂತ ಕುರುಡೇ ವಾಸಿ ಬುಡಲಾ!”

ಅಂದಿನಿಂದ ನನ್ನ ಹೆಸರೇ ‘ಭಾಷಣ’ ಎಂದಾಯಿತು. ಆದರೆ ಸುಲಭಕ್ಕೆ ಸೋಲುವ ಜಾಯಮಾನ ನನ್ನದೂ ಅಲ್ಲ. ಸಭೆ ಬೇಡವಾದರೆ ಸಿನಿಮಾ ತೆಗೆಯೋಣ ಎಂದೆ. ತಿಪಟೂರಿನ ಫೋಟೋ ಸ್ಟುಡಿಯೋ ಮಾಲೀಕರೊಬ್ಬರ ಬಳಿ ಕೀಲಿ ಕೊಟ್ಟು ಓಡಿಸುವ ಒಂದು ಪುಟ್ಟ ಸಿನಿಮಾ ಕ್ಯಾಮೆರಾ ಇತ್ತು. ಅದರ ಸುರುಳಿಯಲ್ಲಿ ಹಿಡಿಯುವುದು ಕೆಲವೇ ನಿಮಿಷಗಳ ಚಿತ್ರ. ಮಾತು, ಹಾಡು ಏನೂ ದಾಖಲಾಗುವುದಿಲ್ಲ. ಮೇಷ್ಟ್ರು ಮುಖ ಕಹಿ ಮಾಡಿದರು.

“ಮಾತಿಲ್ಲ, ಹಾಡಿಲ್ಲ. ಅದ್ಯಾವ ಆಟ?”

“ಮೇಷ್ಟ್ರೇ, ನಿಮ್ಮ ನಾಟಕವನ್ನು ಕಿವಿ ಕೇಳದವರು ನೋಡಲಾರರು. ಮಾತಿಲ್ಲದ ಚಿತ್ರವನ್ನು ನೋಡಬಲ್ಲರು. ಅವರನ್ನು ಹೊರಗಿಡುವ ಆಟ ದೊಡ್ಡದೋ, ಒಳಗೆ ಕರೆಯುವ ಆಟ ದೊಡ್ಡದೋ?”

ಅವರು ಸಶಬ್ದವಾಗಿ ನಸ್ಯ ಏರಿಸಿದರು. “ಗೆದ್ದೆ ಬುಡು. ಆದ್ರೆ ಒಂದು ಮಾತು, ಭಾಷಣ. ಒಳಗೆ ಕರೆದಮ್ಯಾಕೆ ಚಾಪೆ ಹಾಕಿ ನೋಡಾಕೆ ಕೂರಿಸೋದಲ್ಲ. ತೆಗೆಯೋರೂ ಅವರೇ ಆಗ್ಬೇಕು.” ಎಂದವರು ಎಡಗೈಯನ್ನು ಪಕ್ಕಕ್ಕೆ ಚಾಚಿದರು. ಹಾರ್ಮೋನಿಯಂ ಪೆಟ್ಟಿಗೆಗೆ ಅಂಗೈ ಒತ್ತಿ ಕುಳಿತಿದ್ದ ಒಬ್ಬ ಹೆಣ್ಣುಮಗಳು ಆ ಕೈ ಹಿಡಿದುಕೊಂಡಳು.

ಆಕೆ ಆ ಮನೆಯ ಯಜಮಾನರ ತಂಗಿ, ಹುಟ್ಟಿನಿಂದ ಕಿವಿ ಕೇಳದವಳು. ಅಟ್ಟದ ಮೇಲಿನ ಕೊಬ್ಬರಿಯೆಲ್ಲ ಆಕೆಯ ಸುಪರ್ದಿಯಲ್ಲಿತ್ತು. ನಮ್ಮ ಸೀಮೆಯಲ್ಲಿ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ಚಿಪ್ಪಿನೊಳಗೇ ಒಣಗಿ ಕೊಬ್ಬರಿಯಾಗುತ್ತದೆ. ಒಣಗಿತೇ ಎಂದು ತಿಳಿಯಲು ನಾವೆಲ್ಲ ಕಿವಿಯ ಹತ್ತಿರ ಹಿಡಿದು ಕುಲುಕುತ್ತೇವೆ. ಒಳಗಿನ ಗಿಟುಕು, ಅಂದರೆ ಒಣಗಿದ ತಿರುಳು, ಲೊಟಲೊಟ ಎನ್ನಬೇಕು. ಆಕೆ ಎರಡು ಅಂಗೈಯ ನಡುವೆ ಹಿಡಿದು ಕುಲುಕಿ, ಆ ಬಡಿತದಿಂದಲೇ ಬೇರ್ಪಡಿಸುತ್ತಿದ್ದಳು. ತಾಲೀಮಿನ ಹೊತ್ತಿಗೆ ಕೆಳಗಿಳಿದು ಬಂದು, ಪೆಟ್ಟಿಗೆಗೆ ಕೈಯಿಟ್ಟು ಹಾರ್ಮೋನಿಯಂ ‘ಕೇಳು’ತ್ತಿದ್ದಳು. ಹೀಗೆ ಬೆಳೆದ ಸ್ನೇಹದಲ್ಲಿ ಅವರಿಬ್ಬರ ನಡುವೆ ಒಂದು ಭಾಷೆಯೇ ಹುಟ್ಟಿತ್ತು. ಆಕೆ ಅವರ ಎಡ ಅಂಗೈಯಲ್ಲಿ ಬೆರಳಾಡಿಸಿ, ಯಾರು ಬಂದರು, ಯಾರು ನಿಂತರು, ಯಾರು ವೇಷ ಸರಿಯಾಗಿ ಕಟ್ಟಲಿಲ್ಲ ಎಂಬುದನ್ನೆಲ್ಲ ಬರೆಯುತ್ತಿದ್ದಳು. ಅಕ್ಷರವಲ್ಲ, ಚಿತ್ರ. ಮೇಷ್ಟ್ರು ಆಕೆಯ ಭುಜದ ಮೇಲೆ ತಾಳ ತಟ್ಟಿ ಉತ್ತರ ಕೊಡುತ್ತಿದ್ದರು.

ಸ್ಟುಡಿಯೋದಿಂದ ಕ್ಯಾಮೆರಾ ತಂದು ಆಕೆಯ ಕೈಗೆ ಕೊಟ್ಟ ಮಧ್ಯಾಹ್ನವನ್ನು ನಾನು ಹೇಗೆ ಬಣ್ಣಿಸಲಿ! ಕೀಲಿ ತಿರುಗಿಸಿದಳು, ಒಳಗಿನ ಯಂತ್ರ ಗಿರಗಿರನೆ ನಡುಗಿದ್ದು ಅಂಗೈಗೆ ತಾಗಿದ್ದೇ ತಡ, ಆಕೆಯ ಮುಖ ಮುಖವಾಗಿ ಉಳಿಯಲಿಲ್ಲ, ದೀಪವಾಯಿತು. ಊಟಕ್ಕೆ ಕರೆದರೆ ತೊಡೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡೇ ಮುದ್ದೆ ಮುರಿದಳು. ಯಾರಾದರೂ ಕೈ ಚಾಚಿದರೆ ಅಪ್ಪಿಕೊಂಡು ತಿರುಗಿ ಕೂರುತ್ತಿದ್ದಳು.

ಆದರೆ ಅಣ್ಣ ಒಪ್ಪಲಿಲ್ಲ. ಕಡ್ಡಿ ತುಂಡು ಮಾಡಿದಂತೆ ಹೇಳಿದರು: “ನಮ್ಮನೆ ಹೆಣ್ಣುಮಕ್ಕಳು ಪಾರ್ಟು ಮಾಡಾಕಿಲ್ಲ.” ಆ ಕಾಲಕ್ಕೆ ಹಳ್ಳಿಯ ನಾಟಕಗಳಲ್ಲಿ ಹೆಣ್ಣಿನ ಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರನ್ನು ಕರೆಸುತ್ತಿದ್ದರೇ ಹೊರತು ಊರಿನ ಹೆಣ್ಣುಮಕ್ಕಳು ರಂಗ ಹತ್ತುವುದನ್ನು ಯಾರೂ ಸಹಿಸುತ್ತಿರಲಿಲ್ಲ.

“ಪಾರ್ಟಲ್ಲ ಯಜಮಾನ್ರೇ,” ಎಂದರು ಮೇಷ್ಟ್ರು. “ಅವಳು ಯಾರಿಗೂ ಕಾಣಿಸಿಕೊಳ್ಳಾಕಿಲ್ಲ. ಅವಳು ನೋಡ್ತಾಳೆ. ಅವಳು ನೋಡಿದ್ದನ್ನ ಊರು ನೋಡ್ತದೆ.”

ಅಣ್ಣನ ದನಿ ಇಳಿಯಿತು. “ಮೇಷ್ಟ್ರೇ, ಅದು ಕೆಟ್ಟೋದ್ರೆ? ಚಿಕ್ಕವಳಿದ್ದಾಗಿನಿಂದ್ಲೂ ಇವಳನ್ನ ನೋಡಿದೋರೆಲ್ಲ ಲೊಚ್ ಅಂತಾರೆ. ಮದುವೇಲಿ ಲೊಚ್, ತಿಥೀಲಿ ಲೊಚ್. ಅವಳಿಗೆ ಕೇಳಿಸಾಕಿಲ್ಲ, ಸರಿ. ನಂಗೆ ಕೇಳಿಸ್ತದಲ್ಲ.”

ಕೊನೆಗೆ ಅಣ್ಣನೇ ಒಂದು ಷರತ್ತು ಹಾಕಿದರು. “ಒಂದೇ ಸಲ. ನಾನೂ ಜೊತೇಲಿ ಬತ್ತೀನಿ. ಚಿತ್ರ ಚೆನ್ನಾಗಿ ಬಂದ್ರೆ ಸರಿ. ಕೆಟ್ರೆ, ಇನ್ನು ಈ ಹೊಸ್ತಿಲು ತುಳಿದು ಅವಳನ್ನ ಕರೀಬಾರ್ದು.” ಅದನ್ನು ತಂಗಿಗೂ ಸನ್ನೆಯಲ್ಲಿ ತಿಳಿಸಿದರು. ಆಕೆ ಕ್ಯಾಮೆರಾವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ತಲೆಯಾಡಿಸಿದಳು.

ಹೊರಡುವ ಬೆಳಿಗ್ಗೆ ಅಣ್ಣ ಮಡಿಯುಟ್ಟು ಕ್ಯಾಮೆರಾಕ್ಕೆ ಪೂಜೆ ಮಾಡಿದರು. ಬಸ್ಸಿಗೆ, ಪಂಪ್‌ಸೆಟ್ಟಿಗೆ, ನೇಗಿಲಿಗೆ ಮಾಡುವಂತೆಯೇ ಭಕ್ತಿಯಿಂದ. ತೆಂಗಿನಕಾಯಿ ಒಡೆದು, ಊದುಬತ್ತಿ ಬೆಳಗಿ, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು ಕ್ಯಾಮೆರಾದ ಹಣೆಗೆ ಎಳೆದರು. ತಂಗಿ ಥಟ್ಟನೆ ಸೆರಗು ಹಿಡಿದು ಒರೆಸಲು ಬಂದಳು. ಅವರು ಕಣ್ಣು ಬಿಟ್ಟು ಆಕೆಯ ಕೈ ತಳ್ಳಿದರು. ಅಣ್ಣ ತಂಗಿಯ ಜಗಳವೆಂದು ನಾವು ನಕ್ಕೆವು. ಸ್ಟುಡಿಯೋ ಮಾಲೀಕರು ಮದುವೆಯೊಂದರ ಫೋಟೋ ತೆಗೆಯಲು ಹೋಗಿದ್ದರು. ಅಂಥದ್ದನ್ನು ಗಮನಿಸಬಲ್ಲವರು ಬೇರೆ ಯಾರೂ ಅಲ್ಲಿರಲಿಲ್ಲ.

ಚಿತ್ರೀಕರಣ ನಡೆದದ್ದು ಕಿಬ್ಬನಹಳ್ಳಿಯ ಕೂಡುರಸ್ತೆಯಲ್ಲಿ, ಪಂಕ್ಚರ್ ಅಂಗಡಿಯ ಮುಂದೆ. ಅಂಗಡಿಯವನಿಗೆ ಪೋಲಿಯೋದಿಂದ ಎರಡೂ ಕಾಲು ಸೋತಿದ್ದವು. ನೆಲದ ಮೇಲೆ ಕುಳಿತೇ ಸೈಕಲ್ಲು, ಸ್ಕೂಟರುಗಳ ಟಯರು ಕಳಚುತ್ತಿದ್ದ, ಎಲ್ಲರನ್ನೂ ಗೇಲಿ ಮಾಡುತ್ತಿದ್ದ ಗಟ್ಟಿಗ ಅವನು. ಅವನೇ ನಾಯಕ. ಕಥೆಯನ್ನು ನಾವು ನಾಲ್ವರೂ ಜಗಳವಾಡುತ್ತಲೇ ಕಟ್ಟಿದ್ದೆವು: ಅಂಗವಿಕಲರಿಗೆ ಸಹಾಯ ಹಂಚಲು ಮುಖ್ಯ ಅತಿಥಿಯೊಬ್ಬರು ಸ್ಕೂಟರಿನಲ್ಲಿ ಬರುತ್ತಾರೆ, ದಾರಿಯಲ್ಲಿ ಪಂಕ್ಚರ್ ಆಗುತ್ತದೆ, ಆ ಸಹಾಯ ಪಡೆಯಬೇಕಾದವನೇ ಚಕ್ರ ರಿಪೇರಿ ಮಾಡಿ, ಎಳನೀರು ಕೊಟ್ಟು, ಬೆನ್ನು ತಟ್ಟಿ ಅತಿಥಿಯನ್ನು ಕಳಿಸಿಕೊಡುತ್ತಾನೆ. ರಿಪೇರಿ ಮುಗಿಯುವವರೆಗೂ ಅತಿಥಿ ನಿಂತಲ್ಲೇ ಭಾಷಣ ಮಾಡುತ್ತಿರುತ್ತಾರೆ.

“ಮುಖ್ಯ ಅತಿಥಿ ನೀನೇ ಕಣ್ಲಾ,” ಎಂದರು ಮೇಷ್ಟ್ರು. “ಎಷ್ಟು ಬೇಕೋ ಅಷ್ಟು ಮಾತಾಡು. ಯಾರಿಗೂ ಕೇಳಿಸಾಕಿಲ್ಲ, ಬಲು ಸೊಗಸಾಗಿರ್ತದೆ!”

ಆ ದಿನದ ಸಡಗರ ಈಗಲೂ ನನ್ನ ಮೈಯಲ್ಲಿ ಓಡಾಡುತ್ತದೆ. ಪಂಕ್ಚರ್ ಅಂಗಡಿಯವನು ತಾನೇ ಮಾಡಿಕೊಂಡಿದ್ದ ಮೂರು ಚಕ್ರದ ಗಾಡಿಯ ಮೇಲೆ ಆಕೆಯನ್ನು ಕೂರಿಸಿ, ಅಣ್ಣ ಪಕ್ಕದಿಂದ ಮೆಲ್ಲಗೆ ತಳ್ಳಿದರೆ ಕ್ಯಾಮೆರಾ ತೇಲುತ್ತಾ ಬರುತ್ತಿತ್ತು. ಮೇಷ್ಟ್ರು ಗಾಡಿಯ ಹಿಂದೆ ಆಕೆಯ ಭುಜ ಹಿಡಿದು ನಡೆಯುತ್ತಿದ್ದರು. ಕಾಣುತ್ತಿರುವುದನ್ನು ಆಕೆ ಅವರ ಅಂಗೈಯಲ್ಲಿ ಗೀಚುವಳು, ಅವರು “ಭಾಷಣ, ಮುಂದಕ್ಕೆ ಬಾ! ಅಂಗಡಿಯಪ್ಪ, ಅವನ ಮಕ ನೋಡ್ಬೇಡ, ಚಕ್ರ ನೋಡು!” ಎಂದು ನಮಗೆ ಕೂಗಿ, ಆಕೆಯ ಭುಜದ ಮೇಲೆ ತಾಳ ಹಾಕುವರು. ತಾಳ ಶುರುವಾದರೆ ಕ್ಯಾಮೆರಾ ಓಡಬೇಕು, ಮುಕ್ತಾಯ ತಟ್ಟಿದರೆ ನಿಲ್ಲಬೇಕು. ಕಾಣದವರು ಅಳೆದರು, ಕೇಳದವಳು ಹಿಡಿದಳು, ನಡೆಯದವನ ಗಾಡಿ ಓಡಿತು! ಬಸ್ಸಿಳಿದವರೆಲ್ಲ ಊರಿಗೆ ಹೋಗುವುದನ್ನು ಮರೆತು ಸುತ್ತ ನಿಂತರು. ಒಬ್ಬ ಮುದುಕರು, “ಸಿನಿಮಾದವರು ಬೆಂಗಳೂರಿಂದ ಬಂದವ್ರಾ?” ಎಂದು ಕೇಳಿದರು. ಪಂಕ್ಚರ್ ಅಂಗಡಿಯವನು ತಲೆಯೆತ್ತದೆ, “ಇಲ್ಲ ಕಣಜ್ಜ, ಬೆಂಗಳೂರೋರೇ ನಮ್ಮನ್ನ ನೋಡಾಕೆ ಬತ್ತವ್ರೆ,” ಎಂದ.

ಸುರುಳಿಯನ್ನು ತೊಳೆಯಲು ಬೊಂಬಾಯಿಗೆ ಕಳಿಸಬೇಕಿತ್ತು. ಕಾಯುವ ಆ ವಾರಗಳಲ್ಲಿ ಆಕೆ ಅಟ್ಟ ಹತ್ತಿ ಇಳಿಯುವಾಗೆಲ್ಲ ನನ್ನತ್ತ ನೋಡಿ, ಕಣ್ಣಿಗೆ ಮುಷ್ಟಿ ಹಿಡಿದು ಹುಬ್ಬು ಹಾರಿಸುತ್ತಿದ್ದಳು. ಬಂತೇ? ನಾನು ಕೈಯಾಡಿಸುತ್ತಿದ್ದೆ. ಇಲ್ಲ.

ಬಂದದ್ದೇ ತಡ, ಕಾಯಿ ತುಂಬಿದ ಕೊಬ್ಬರಿಮನೆಯ ಬಾಗಿಲು ಕಿಟಕಿ ಮುಚ್ಚಿ, ಹಾಡಹಗಲಲ್ಲೇ ಕತ್ತಲು ಮಾಡಿ, ಒಂದು ಬಿಳಿ ಪಂಚೆ ಕಟ್ಟಿದೆವು. ಸ್ಟುಡಿಯೋ ಮಾಲೀಕರು ಯಂತ್ರ ತಿರುಗಿಸಿದರು. ಅರ್ಧ ಊರೇ ಒಳಗಿತ್ತು.

ಪಂಚೆಯ ಮೇಲೆ ಕಿಬ್ಬನಹಳ್ಳಿಯ ರಸ್ತೆ ಮೂಡಿತು. ನೆಲದ ಮೇಲೆ ಕುಳಿತ ನಾಯಕ ಚೆನ್ನಾಗಿಯೇ ಕಂಡ. ಅವನ ಕೈ, ಚಕ್ರ, ನೀರಿನ ಬೋಗುಣಿ, ಎಲ್ಲವೂ. ಆದರೆ ತೆರೆಯ ಮೇಲ್ಭಾಗದಲ್ಲಿ ಅಡ್ಡಲಾಗಿ ಮಂಜಿನಂಥ ಒಂದು ದಪ್ಪ ಬಿಳಿ ಪಟ್ಟೆ. ಸ್ಕೂಟರಿನಿಂದ ಇಳಿದ ಮುಖ್ಯ ಅತಿಥಿಗೆ ತಲೆಯೇ ಇಲ್ಲ! ದೃಶ್ಯ ಬದಲಾಯಿತು, ಪಟ್ಟೆ ಬದಲಾಗಲಿಲ್ಲ. ಸುರುಳಿ ಪೂರ್ತಿ ಹಾಗೆಯೇ. ಕತ್ತಲಲ್ಲಿ ಒಬ್ಬಾಕೆ, “ಸ್ವಾಮಿ ಬಂದು ನಿಂತವ್ನೆ ಕಣೇ,” ಎಂದು ಪಿಸುಗುಟ್ಟಿದಳು. ಇನ್ನೊಂದು ಮೂಲೆಯಿಂದ, “ಪಾಪ, ಕಿವಿ ಕೇಳ್ದಿರೋಳ ಕೈಲಿ ಏನಾದೀತು,” ಎಂಬ ಮಾತು. ಅದರ ಬೆನ್ನಿಗೇ ಆ ಸದ್ದು. ಲೊಚ್.

“ಯಾವನಲಾ ಲೊಚ್ ಅಂದೋನು?” ಮೇಷ್ಟ್ರು ಗುಡುಗಿದರು. “ಏನಾಯ್ತು ಅಂತ ನಂಗೆ ಹೇಳ್ರಲಾ!”

ಎಲ್ಲರೂ ಅಣ್ಣನ ಕಡೆ ತಿರುಗಿದ್ದರು. ಮಾತು ಕೊಟ್ಟಾಗಿತ್ತು: ಕೆಟ್ಟರೆ ಮತ್ತೆ ಕರೆಯುವಂತಿಲ್ಲ. ಅಷ್ಟರಲ್ಲಿ ಆಕೆ ಎದ್ದು, ಯಂತ್ರದ ಬೆಳಕಿನ ಮುಂದೆ ಹೋಗಿ ನಿಂತಳು. ಪಂಚೆಯ ಮೇಲೆ ಆಕೆಯ ನೆರಳು ಬಿತ್ತು. ಆಕೆ ಅಣ್ಣನತ್ತ ಬೆರಳು ತೋರಿಸಿ, ಮೂರು ಬೆರಳು ಎತ್ತಿ, ತನ್ನ ಹಣೆಯ ಮೇಲೆ ಭರ್ರನೆ ಎಳೆದುಕೊಂಡು, ಸೆರಗಿನಿಂದ ಒರೆಸುವಂತೆ ಮಾಡಿ, ತನ್ನ ಕೈಗೇ ಫಟ್ಟನೆ ಒಂದೇಟು ಕೊಟ್ಟುಕೊಂಡಳು. ಕಣ್ಣು ಬಿಟ್ಟು ಗದರುವ ಅಣ್ಣನ ಮುಖವನ್ನು ಹಾಗೆ ಹಾಗೆಯೇ ಮಾಡಿ ತೋರಿಸಿದಳು.

ವಿಭೂತಿ! ಅಣ್ಣ ಎಳೆದ ವಿಭೂತಿಯ ಒಂದು ಗೆರೆ ಕ್ಯಾಮೆರಾದ ಗಾಜಿನ ಮೇಲೇ ಹಾದುಹೋಗಿತ್ತು. ಆಕೆ ಕಣ್ಣಿಟ್ಟು ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಗಾಜು ಬೇರೆ. ಆ ದಿನ ಗಾಜು ಚೊಕ್ಕಟವಿಲ್ಲವೆಂದು ಅರಿತಿದ್ದವಳು ಆಕೆಯೊಬ್ಬಳೇ. ದೇವರ ಗುರುತನ್ನು ಅಳಿಸಲು ಪಕ್ಕದಲ್ಲೇ ಕಾವಲಿದ್ದ ಅಣ್ಣ ಬಿಡಲಿಲ್ಲ.

ಕೊಬ್ಬರಿಮನೆ ಹಾರಿಹೋಗುವಂಥ ನಗು! ಪಂಕ್ಚರ್ ಅಂಗಡಿಯವನು ನೆಲ ಬಡಿದು ನಗುತ್ತಾ, “ಭಾಷಣ್ರೇ, ನಿಮ್ಮ ತಲೆ ಕೈಲಾಸಕ್ಕೆ ಹೋಗೈತೆ ಕಣ್ರೀ!” ಎಂದು ಅರಚಿದ. ಸಂಗತಿ ತಿಳಿದ ಮೇಷ್ಟ್ರು ನಗುವಿನಲ್ಲಿ ಕೆಮ್ಮಿ, ಕೆಮ್ಮಿನಲ್ಲಿ ನಕ್ಕು, “ಇನ್ನೊಂದು ಸಲ ಓಡಿಸ್ರಲಾ! ತಲೆ ಇಲ್ದೋನು ಭಾಷಣ ಮಾಡೋದನ್ನ ಇನ್ನೊಂದು ಸಲ!” ಎಂದರು.

ಅಣ್ಣ ಮಾತ್ರ ನಗಲಿಲ್ಲ. ತಂಗಿಯ ಹತ್ತಿರ ಹೋಗಿ ನಿಂತರು.

“ಕೆಡಿಸಿದ್ದು ಅವಳಲ್ಲ,” ಎಂದರು, ಎಲ್ಲರಿಗೂ ಕೇಳುವಂತೆ. “ನಾನು. ಮುಂದಿನ ಸಲ ಪೂಜೆ ಮಾಡೋದಾದ್ರೆ ಅವಳೇ ಮಾಡ್ಕೊಳ್ಳಲಿ. ನಾನು ಕಾಯಿ ಒಡ್ದು ದೂರ ನಿಂತ್ಕೊತೀನಿ.”

‘ಮುಂದಿನ ಸಲ’ ಎಂಬ ಆ ಎರಡು ಪದವನ್ನು ಮೇಷ್ಟ್ರು ಆಕೆಯ ಭುಜದ ಮೇಲೆ ತಟ್ಟಿ ಹೇಳಿದರು. ಹೇಗೆ ತಟ್ಟಿದರೋ ನಾನರಿಯೆ, ಆಕೆಗೆ ತಿಳಿಯಿತು. ಅಣ್ಣನ ತೋಳಿಗೆ ಒಂದು ಗುದ್ದು ಗುದ್ದಿದಳು.

ಆ ಚಿತ್ರವನ್ನು ಮತ್ತೆ ತೆಗೆಯಲಿಲ್ಲ. ಪಟ್ಟೆಯ ಸಮೇತ ಅದನ್ನೇ ಊರೂರಿಗೆ ಒಯ್ದು ತೋರಿಸಿದೆವು. ಮೇಷ್ಟ್ರು ಪಂಚೆಯ ಪಕ್ಕದಲ್ಲಿ ಜನರ ಕಡೆ ಕಿವಿಯಿಟ್ಟು ಕೂರುತ್ತಿದ್ದರು. ಚಿತ್ರ ಮುಗಿದ ಮೇಲೆ ಪಂಕ್ಚರ್ ಅಂಗಡಿಯವನು ಜನರ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ, ತಾನೂ ಅವರನ್ನು ಕೇಳುವನು: ಬಸ್ಸಿನ ಮೆಟ್ಟಿಲು ಯಾಕೆ ಅಷ್ಟು ಎತ್ತರ, ಶಾಲೆಗೆ ತನ್ನನ್ನು ಯಾಕೆ ಸೇರಿಸಿಕೊಳ್ಳಲಿಲ್ಲ, ಸಹಾಯ ಮಾಡುವವರು ಯಾಕೆ ತನ್ನನ್ನು ಬಿಟ್ಟು ಪಕ್ಕದಲ್ಲಿ ನಿಂತವನ ಜೊತೆ ಮಾತಾಡುತ್ತಾರೆ. ನನ್ನ ಯಾವ ಭಾಷಣಕ್ಕೂ ಸಿಗದಿದ್ದ ಕಿವಿಗಳು ಅಲ್ಲಿ ತೆರೆದವು. ಮುಂದಿನ ಚಿತ್ರ ಆಕೆಯದೇ: ಅಟ್ಟದ ಮೇಲಿನ ಕೊಬ್ಬರಿ, ಹೆಂಚಿನ ಸಂದಿನ ಬಿಸಿಲು, ಕಾಯಿ ಕುಲುಕುವ ಕೈಗಳು. ಕ್ಯಾಮೆರಾ ಕೈಗೆ ಸಿಕ್ಕಾಗಲೆಲ್ಲ ಅದರ ನಂತರವೂ ತೆಗೆದಳು. ಅಣ್ಣ ಪ್ರತಿ ಸಲವೂ ಕಾಯಿ ಒಡೆದು ದೂರ ನಿಂತರು.

ಕೆಲವು ವರ್ಷಗಳ ನಂತರ ಹಂದನಕೆರೆಯಲ್ಲಿ ಬಿಡಾರ ಹೂಡಿದ್ದಾಗ ಮೇಷ್ಟ್ರಿಗೆ ಜ್ವರ ಬಂತು. ನೋಡಲು ಹೋದೆ. ಮುಂದಿನ ವರ್ಷ ಅಂಗವಿಕಲರದೊಂದು ದೊಡ್ಡ ಸಮಾವೇಶ ನಡೆಸುವೆವೆಂದೂ ಅವರು ಉದ್ಘಾಟಿಸಬೇಕೆಂದೂ ಹೇಳಿದೆ.

“ಉದ್ಘಾಟನೆ ದಿನ ಕರೀಬೇಡ ಕಣ್ಲಾ,” ಎಂದರು, ಸೋತ ದನಿಯಲ್ಲಿ. “ಎಲ್ಲಾ ನೀವೇ ಮಾಡಿ ಮುಗಿಸಿ, ಹೂವಿನ ಹಾರ ಹಾಕಾಕೆ ಕರೀತೀರಿ. ಶುರುವಾಗೋ ದಿನ ಕರಿ. ಬೈಯಾಕೆ ನಂಗೊಂದು ಅವಕಾಶ ಕೊಡು.”

ಆ ಶುರುವಾಗುವ ದಿನಕ್ಕೆ ಅವರು ಉಳಿಯಲಿಲ್ಲ. ಆ ವಾರದಲ್ಲೇ ತೀರಿಕೊಂಡರು. ಅರ್ಧ ಕಲಿತಿದ್ದ ಹಂದನಕೆರೆಯ ನಾಟಕದವರೇ ಹೆಗಲು ಕೊಟ್ಟರು. ಮೇಷ್ಟ್ರಿಗೆ ಸಲ್ಲಬೇಕಾದ ನನ್ನ ಋಣ ದೊಡ್ಡದು. ಯಾರ ಪರವಾಗಿಯೇ ಆಗಲಿ ಮಾತಾಡುವ ಮೊದಲು ಅವರನ್ನೇ ಕರೆದು ಕೂರಿಸಿಕೊಳ್ಳುವ ಅಭ್ಯಾಸ ನನಗೆ ಬಂದದ್ದು ಮೇಷ್ಟ್ರಿಂದ.

ಆದ್ದರಿಂದ ಓದುಗರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆಯಿದೆ. ಈ ವರ್ಷ ನಿಮ್ಮೂರಿನಲ್ಲಿ ನಾಟಕವೋ, ಶಾಲೆಯ ವಾರ್ಷಿಕೋತ್ಸವವೋ, ಸಿನಿಮಾವೋ, ಏನು ನಡೆದರೂ ಸರಿ, ಕಣ್ಣು ಕಾಣದವರನ್ನು, ಕಿವಿ ಕೇಳದವರನ್ನು, ನಡೆಯಲಾರದವರನ್ನು ಮೊದಲ ದಿನದ ತಾಲೀಮಿಗೆ ಕರೆಯಿರಿ. ಅವರ ಮನೆಗೆ ಹೋಗಿ, ಅವರನ್ನೇ ಕೇಳಿ, ಕರೆಯಿರಿ.